ನಡಾವಳಿಯಲ್ಲಿ ಒಂದು ವಿರೋಧ

ಇಂದು ನಮ್ಮೂರಿನ ಗ್ರಾಮಸಭೆಯಲ್ಲಿ ರಸ್ತೆ ಅಗಲಗೊಳಿಸುವ ಠರಾವಿಗೆ ಎಲ್ಲರೂ ಕೈ ಎತ್ತಿದಾಗ, ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತು, ತಮ್ಮ ವಿರೋಧವನ್ನು ಕಾರಣಸಹಿತ ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಬೇಕೆಂದು ಕೇಳಿದರು. ಹಳ್ಳದಂಚಿನ ಅಪ್ಪೆಮಿಡಿ ಮಾವಿನ ಮರಗಳು ಹೋದರೆ ಮಳೆಗಾಲದಲ್ಲಿ ದಂಡೆ ನಿಲ್ಲುವುದು ಹೇಗೆ ಎಂಬುದು ಅವರ ಪ್ರಶ್ನೆ.

"ಎಲ್ಲರೂ ಒಪ್ಪಿದ ಮೇಲೆ ಬಿಡಿ ಮಾವ" ಎಂದು ಯಾರೋ ಅಂದರೂ ಅವರು ಕೂರಲಿಲ್ಲ. ಬರೆದದ್ದನ್ನು ಓದಿಸಿ ಕೇಳಿದ ಮೇಲೆಯೇ ಕುಳಿತರು.

ನನಗೆ ಆ ರಸ್ತೆ ಬೇಕು, ಆಂಬುಲೆನ್ಸ್ ಬರಬೇಕಾದ ದಾರಿ ಅದು. ಆದರೂ ಅವರ ಮಾತು ದಾಖಲಾದದ್ದು ಸಮಾಧಾನ ತಂದಿತು, ಏಕೆಂದರೆ ಎಂಜಿನಿಯರರು ನಕ್ಷೆಯನ್ನು ಮತ್ತೆ ಬಿಡಿಸಿ ನೋಡಿದ್ದು ಆ ಪ್ರಶ್ನೆಯ ನಂತರವೇ.

1983ರ ಸೆಪ್ಟೆಂಬರ್‌ನಲ್ಲಿ ನಮ್ಮ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡಾಗ, ಅಲ್ಲಿ ನಡೆಯುತ್ತಿದ್ದದ್ದು ಕಳ್ಳ ಕಡಿತವಲ್ಲ, ಅಧಿಕೃತ ಅನುಮತಿಯಿದ್ದ ಕಡಿತ. ಆ ಅಪ್ಪಿಕೋ ಚಳವಳಿಯನ್ನು ಹೆಮ್ಮೆಯಿಂದ ನೆನೆಯುವ ನಾವೇ, ಇಂದು ಒಬ್ಬರು ಬೇರೆ ಮಾತಾಡಿದರೆ ಅಭಿವೃದ್ಧಿಗೆ ಅಡ್ಡಗಾಲು ಎನ್ನುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಊರಿನ ಗೆಳೆಯರಲ್ಲಿ ವಿನಂತಿ: ಒಪ್ಪದ ವಿಷಯವನ್ನು ಚಹಾದಂಗಡಿಯಲ್ಲಿ ಹೇಳಿ ಮುಗಿಸದೆ, ಅದು ನನ್ನ ಮಾತಿಗೇ ವಿರುದ್ಧವಾಗಿದ್ದರೂ, ಸಭೆಯಲ್ಲಿ ಎದ್ದು ಹೇಳಿ, ಬರೆಸಿ.