ಸ್ಲೋ ಆಗ್ತಿದೆ ಮೇಡಂ

"ಮೇಡಂ, ಅಯೋಡಿನ್ ಡಬಲ್ ಹಾಕಿದ್ರೆ ರಿಯಾಕ್ಷನ್ ಸ್ಲೋ ಆಗ್ತಿದೆ!"

ಮಂಗಳವಾರ ಲ್ಯಾಬಿನಲ್ಲಿ ಕೊನೇ ಟೇಬಲ್ಲಿನ ಹುಡುಗಿ ಹೇಳಿದ ಮಾತಿದು. ಅದಕ್ಕಿಂತ ಜಾಸ್ತಿ ಕೊರೆಯುತ್ತಿರುವುದು ನನ್ನ ಬಾಯಿಂದ ಬಂದ ಉತ್ತರ: "ಅಳತೆ ಸರಿಯಾಗಿ ಹಾಕಿದ್ಯೇನಮ್ಮಾ?"

ಅಳತೆ ಸರಿಯಾಗೇ ಇತ್ತು. ಅಸಿಟೋನ್, ಆಸಿಡ್ ಹತ್ತತ್ತು ಎಂಎಲ್. ಅಯೋಡಿನ್ ಮೊದಲು 10, ಆಮೇಲೆ 20. ಒಟ್ಟು 50 ಆಗುವಷ್ಟು ನೀರು. ಅಯೋಡಿನ್ನಿನ ತೆಳು ಟೀಯಂಥ ಬಣ್ಣ ಮಾಯವಾಗಲು, ಅಂದರೆ ಅದು ಪೂರ್ತಿ ಖರ್ಚಾಗಲು, ಮೊದಲ ಸಲ 3 ನಿಮಿಷ 46 ಸೆಕೆಂಡ್, ಎರಡನೇ ಸಲ 7 ನಿಮಿಷ 29. ಅಸಿಟೋನ್ ಡಬಲ್ ಮಾಡಿದಾಗ ಮಾತ್ರ 1 ನಿಮಿಷ 54ಕ್ಕೆ ಇಳಿದಿತ್ತು.

ಅವಳು ಸ್ಲೋ ಅಂದದ್ದು ತಪ್ಪು, ನೋಡಿದ್ದು ಸರಿ. ಎರಡು ಪಟ್ಟು ಅಯೋಡಿನ್ ಖರ್ಚಾಗಲು ಎರಡು ಪಟ್ಟು ಹೊತ್ತು ಹಿಡಿದರೆ ವೇಗ ಅಷ್ಟೇ ಇದೆ ಅಂತ ಅಲ್ವಾ? ಅಯೋಡಿನ್ ಆರ್ಡರ್ ಸೊನ್ನೆ, ಅಂದರೆ ಅದು ಎಷ್ಟಿದ್ದರೂ ವೇಗ ಬದಲಾಗುವುದಿಲ್ಲ. ದೋಸೆ ಕ್ಯಾಂಪಿನಲ್ಲಿ ತಟ್ಟೆ ಹಿಡಿದು ನಿಂತವರು ಜಾಸ್ತಿಯಾದರೆ ಕಾವಲಿ ಮೇಲಿನ ದೋಸೆ ಬೇಗ ಬೇಯುತ್ತಾ? ಇಲ್ಲಿ ಬೇಯಬೇಕಾದ್ದು ಅಸಿಟೋನ್. ಆಸಿಡ್ ನೆರವಿನಿಂದ ಅದು ನಿಧಾನಕ್ಕೆ ರೂಪ ಬದಲಿಸುತ್ತದೆ. ಬದಲಾಗಿದ್ದೇ ತಡ, ಅಯೋಡಿನ್ ಗಬಕ್ಕನೆ ಹಿಡಿಯುತ್ತದೆ. 1904ರಲ್ಲೇ ಆರ್ಥರ್ ಲ್ಯಾಪ್‌ವರ್ತ್ ಎಂಬ ರಸಾಯನ ವಿಜ್ಞಾನಿ ಅಯೋಡಿನ್ ಬದಲು ಬ್ರೋಮಿನ್ ಹಾಕಿ ಇದನ್ನು ತೋರಿಸಿದ್ದ. ತಮಾಷೆ ಏನಂದರೆ, ಆಸಿಡ್ ವೇಗದ ಸೂತ್ರದಲ್ಲಿ ಇದೆ, ಸಮೀಕರಣದಲ್ಲಿ ಖರ್ಚಾಗುವ ವಸ್ತುಗಳನ್ನು ಬರೆಯುವ ಎಡಗಡೆ ಇಲ್ಲ. ಅಯೋಡಿನ್ ಎಡಗಡೆ ಇದೆ, ಸೂತ್ರದಲ್ಲಿ ಇಲ್ಲ.

ಇಷ್ಟೆಲ್ಲ ಪ್ರತಿ ವರ್ಷ ಪಾಠ ಮಾಡುವವಳು ನಾನು. ಆದರೂ ಮೊದಲು ಅನುಮಾನ ಬಂದದ್ದು ಅವಳ ಕೈ ಮೇಲೆ. ಯಾವಾಗಲೂ ಏನಾದರೂ ಚೆಲ್ಲುವ ಹುಡುಗಿ, ಅದಕ್ಕೇ ಇರಬೇಕು.

ಸಂಜೆ ರೆಕಾರ್ಡ್ ತೆಗೆದೆ. ಮುಂದಿನ ಟೇಬಲ್ಲಿನ ಜಾಣ ಹುಡುಗನ ಪಟ್ಟಿಯಲ್ಲಿ ಅಯೋಡಿನ್ ಡಬಲ್ ಆದಾಗ ಸಮಯ ಸರಿಯಾಗಿ ಅರ್ಧ. ಸಮೀಕರಣ ನೋಡಿಕೊಂಡೇ ಬರೆದದ್ದು, ಸ್ಟಾಪ್‌ವಾಚ್ ಮುಟ್ಟಿಯೇ ಇಲ್ಲ. ಅಕ್ಷರ ಮುತ್ತಿನಂತಿದೆ. ಕೆಳಗೆ ನನ್ನ ಸಹಿ. ಅವನನ್ನು ನಾನು ಏನೂ ಕೇಳಿರಲಿಲ್ಲ.

ಗುರುವಾರ ಅವನನ್ನು ಕರೆದು ಅದೇ ಪ್ರಯೋಗ ಮಾಡಿಸಿದೆ. ಅವಳೂ ಸುಮ್ನೆ ಬಂದು ಪಕ್ಕದಲ್ಲಿ ನಿಂತಳು. ನಾಲ್ಕು ನಿಮಿಷ ದಾಟಿತು. ಅವನು ಫ್ಲಾಸ್ಕ್ ಬಿಟ್ಟು ನನ್ನ ಮುಖ ನೋಡಿದ.

"ಅಲ್ಲಿ ನೋಡೋ," ಅಂದಳು ಅವಳು. "ಇನ್ನೂ ಮೂರು ನಿಮಿಷ ಇದೆ."