ಅವಳ ಬೇಸಿಗೆ, ನನ್ನ ತಲೆಬಿಸಿ

ಮೇ 11, 2025, ಭಾನುವಾರ
ಅಮ್ಮತ್ತಿ

ಪಂದಿ ಕರಿ ಮಾಡಿದ ದಿನ ಪುಟ್ಟಿ ಎರಡೇ ಎರಡು ಕಡಂಬಟ್ಟು ತಿಂದು ಎದ್ದಳು. ಬೆಳಿಗ್ಗೆ ಅಷ್ಟು ದೂರ ಓಡಿ ಬಂದವಳು! "ಬಿಸಿಲಿಗೆ ಹಸಿವಾಗಲ್ಲ ಬಿಡು" ಅಂದರು ಅಮ್ಮ. ನನಗೆ ಮಾತ್ರ ಸಮಾಧಾನ ಇಲ್ಲ.

ಅಣ್ಣ ಮಗಳನ್ನು ರಜೆಗೆ ಇಲ್ಲಿಗೆ ಕಳಿಸಿದ್ದೇ ಓಡಲಿ ಅಂತ. ಬೆಂಗಳೂರಿನ ಡಾಂಬರು ರಸ್ತೆಯಲ್ಲಿ ಓಡಿದರೆ ಮೊಣಕಾಲಿನ ಕೆಳಗೆ, ಮುಂದಿನ ಮೂಳೆ ನೋಯುತ್ತದಂತೆ. ಇಲ್ಲಿ ತೋಟದ ಮಣ್ಣು ದಾರಿ, ಏರು, ಇಳಿಜಾರು, ಬೇರು, ಕಲ್ಲು. ಕ್ರಾಸ್ ಕಂಟ್ರಿಗೆ ಬೇಕಾದ್ದೆಲ್ಲ ಇದೆ. ಆನೆಯೂ ಇದೆ. ಅದಕ್ಕೇ ಪೂರ್ತಿ ಬೆಳಕಾಗದೆ ಗೇಟು ದಾಟುವ ಹಾಗಿಲ್ಲ. ಜೂನ್ ಬಂತೆಂದರೆ ಮಳೆ, ಕೆಸರು, ಜಿಗಣೆ. ಇರುವುದು ಇಷ್ಟೇ ದಿನ.

ಪಕ್ಕದ ತೋಟದ ಅಂಕಲ್‌ಗೆ ಇದೆಲ್ಲ ಅರ್ಥವೇ ಆಗುವುದಿಲ್ಲ. "ಹಾಕಿ ಸ್ಟಿಕ್ ಕೊಡಿಸೋದು ಬಿಟ್ಟು ಇದೇನಮ್ಮಾ?" ಓಟಗಾರ್ತಿ ಅಶ್ವಿನಿ ನಾಚಪ್ಪ ನಮ್ಮವರೇ ಅಂತ ಹೆಮ್ಮೆ ಪಡುವವರೂ ಅವರೇ! 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯ ನಂತರ ಕೊಡಗಿನಲ್ಲಿ ಬೇಸಿಗೆ ಅಂದರೆ ಹಾಕಿಯೇ. ಅಲ್ಲಿ ಗ್ಯಾಲರಿ ತುಂಬಾ ನೆಂಟರು. ಇವಳದ್ದು 18ರ ಒಳಗಿನ ಹುಡುಗಿಯರ 4 ಕಿಲೋಮೀಟರ್, ಹೆಚ್ಚುಕಡಿಮೆ ಕಾಲು ಗಂಟೆಯ ಓಟ. ಅದಕ್ಕೆ ತಿಂಗಳುಗಟ್ಟಲೆ ಯಾರೂ ನೋಡದ ಕಡೆ ಬೆವರು ಸುರಿಸಬೇಕು.

ಮಧ್ಯಾಹ್ನ ಇಬ್ಬರೂ ಕಾಳುಮೆಣಸು ಕೇರುತ್ತಾ ಕೂತಿದ್ದೆವು.

"ಊಟ ಯಾಕೆ ಬಿಡ್ತಾ ಇದ್ದೀಯ?"

"ಬಿಡ್ತಿಲ್ಲ ಅತ್ತೆ, ಕಮ್ಮಿ ಮಾಡಿದ್ದೀನಿ ಅಷ್ಟೇ." ಏರು ಹತ್ತುವಾಗ ಒಂದೊಂದು ಕಿಲೋನೂ ಗೊತ್ತಾಗುತ್ತದೆ ಅಂತ ಯಾರೋ ಸೀನಿಯರ್ ಹೇಳಿದ್ದಾಳಂತೆ.

"ಮುಟ್ಟು ಸರಿಯಾಗಿ ಆಗ್ತಿದೆಯಾ?"

ಮೊರ ನಿಂತಿತು. ಒಂದು ಕಡ್ಡಿ ಆರಿಸಿ ಎಸೆದಳು. "ಫೆಬ್ರವರಿಯಿಂದ ಇಲ್ಲ. ಟ್ರೇನಿಂಗ್ ಜಾಸ್ತಿಯಾದರೆ ಎಲ್ಲರಿಗೂ ಹಾಗೇ ಅಂತೆ. ಒಳ್ಳೇದೇ ಅಂತೆ."

ಒಳ್ಳೇದಂತೆ! ಓಟಕ್ಕೆ ತಕ್ಕಷ್ಟು ತಿನ್ನದಿದ್ದರೆ ಮೈ ಉಳಿತಾಯಕ್ಕೆ ಇಳಿಯುತ್ತದೆ, ಮುಟ್ಟು ನಿಲ್ಲುತ್ತದೆ. ಈಸ್ಟ್ರೋಜನ್ ಅನ್ನೋ ಹಾರ್ಮೋನು ಕಮ್ಮಿಯಾಗಿ ಮೂಳೆ ಸೊರಗುತ್ತದೆ. ಆಮೇಲೆ ಬೀಳುವುದೂ ಬೇಡ, ಬರೀ ಓಡಿ ಓಡಿಯೇ ಮೂಳೆಯಲ್ಲಿ ಸಣ್ಣ ಬಿರುಕು ಬರುತ್ತದೆ. ಅದೂ ಮೂಳೆ ಗಟ್ಟಿಯಾಗಬೇಕಾದ ಈ ವಯಸ್ಸಲ್ಲಿ. ಆ ಕಾಲುನೋವು ಬರೀ ಡಾಂಬರಿನದ್ದೇ ಹೌದಾ?

ಸಂಜೆ ಮತ್ತೆ ಹೊರಟಳು, ನಿಧಾನದ ಓಟ. ಮಾತಾಡುತ್ತಾ ಓಡುವಷ್ಟೇ ವೇಗ ಇರಬೇಕು ಅಂತ ಕೋಚ್ ಹೇಳಿದ್ದಾರೆ. ಜೊತೆಗೆ ಯಾರಿದ್ದಾರೆ ಮಾತಾಡೋಕೆ? ಅದಕ್ಕೆ ಹೈಡ್ರೋಜನ್, ಹೀಲಿಯಂ, ಲಿಥಿಯಂ ಅಂತ ಜೋರಾಗಿ ಹೇಳಿಕೊಂಡು ಓಡುತ್ತಾಳೆ. ಹಿಂದೆ ನಮ್ಮ ನಾಯಿ. ತೋಟದ ಕೆಲಸಗಾರರ ಲೈನ್ ಮನೆ ಮಕ್ಕಳು ಕೂಡ ಈಗ ಸೋಡಿಯಂ ತನಕ ಕಲಿತುಬಿಟ್ಟಿದ್ದಾರೆ. ನಕ್ಕು ನಕ್ಕು ಸಾಕಾಯಿತು.

"ನಿಧಾನಕ್ಕೆ ಓಡೋದೇ ಕಷ್ಟ ಅತ್ತೆ, ಕಾಲು ಕೇಳಲ್ಲ" ಅಂದಳು ಬಂದು. ಹಾಲಿಗೆ ಕೈ ಹಾಕಲಿಲ್ಲ.

ಅತ್ತಿಗೆಗೆ ಹೇಳಿದರೆ ಮೊದಲು ಓಟವನ್ನೇ ಬಿಡಿಸುತ್ತಾಳೆ. ಅದು ಆಗಬಾರದು. ಅಣ್ಣ ಮುಟ್ಟು ಅನ್ನುತ್ತಿದ್ದ ಹಾಗೇ ಫೋನನ್ನು ಅತ್ತಿಗೆಗೆ ದಾಟಿಸುತ್ತಾನೆ. ನಾನೇ ಮಡಿಕೇರಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಲಾ? ತೋರಿಸಿದರೂ ಆ ಕೋಚ್ ಜೊತೆ ಯಾರಾದರೂ ಮಾತಾಡಲೇಬೇಕು, ಅವರೇನಾದರೂ ಇದನ್ನೇ ಒಳ್ಳೇದು ಅಂದಿದ್ದರೆ…