ಅಣ್ಣ ಭಾರತೀಯ, ತಂಗಿ ವಿದೇಶಿ

ಚಳಿಗಾಲದಲ್ಲಿ ದಾವಣಗೆರೆಗೆ ಸ್ವೆಟರ್ ಮಾರಲು ಹೋಗುತ್ತಿದ್ದ ಕಾಲದಲ್ಲಿ, ಗಿರಾಕಿಗಳು ಕೈಸನ್ನೆಯಲ್ಲೇ ರೇಟು ಕೇಳುತ್ತಿದ್ದರು. "ಇನ್ನೂರೈವತ್ತು ಅಕ್ಕಾ, ಕಮ್ಮಿ ಆಗಲ್ಲ" ಅಂದ ಕೂಡಲೇ ನಗು, ಆಮೇಲೆ ಜೋರು ಚೌಕಾಸಿ. ವ್ಯಾಪಾರ ಮುಗಿದ ಮೇಲೆ ಪ್ರಶ್ನೆ ಒಂದೇ: "ನಿಮ್ಮೂರಿಗೆ ಯಾವಾಗ ವಾಪಸ್ ಹೋಗ್ತೀರಿ?" "ಪಿರಿಯಾಪಟ್ಟಣ ತಾಲ್ಲೂಕಿಗಾ? ಸಂಕ್ರಾಂತಿ ಕಳೀಲಿ" ಅನ್ನುತ್ತಿದ್ದೆ.

ಹುಟ್ಟಿದ್ದು ಮಾತ್ರ ಟಿಬೆಟ್‌ನಲ್ಲಿ. 1959ರ ಮಾರ್ಚ್‌ನಲ್ಲಿ ಲಾಸಾದಲ್ಲಿ ಚೀನಾ ವಿರುದ್ಧ ಜನ ದಂಗೆ ಎದ್ದು, ಗುಂಡು ಹಾರಿ, ದಲೈ ಲಾಮಾ ಭಾರತಕ್ಕೆ ಬಂದರಲ್ಲ, ಅವರ ಹಿಂದೆ ಗಡಿ ದಾಟಿದ ಸಾವಿರಾರು ಜನರಲ್ಲಿ ನಾವೂ ಇದ್ದೆವು. ನಾನಾಗ ಚಿಕ್ಕವನು. ಹಿಮದ ದಾರಿ ಅಷ್ಟಾಗಿ ನೆನಪಿಲ್ಲ. ನೆನಪಿರುವುದು ಅಸ್ಸಾಂನ ಮಿಸ್ಸಾಮಾರಿ ಕ್ಯಾಂಪಿನ ಸೆಕೆ. ಮೈತುಂಬಾ ಉಣ್ಣೆಯ ಚುಪಾ (ನಮ್ಮ ಉದ್ದ ನಿಲುವಂಗಿ) ತೊಟ್ಟು ಬಂದವರು ಆ ಸೆಕೆಗೆ, ಜ್ವರಕ್ಕೆ ಎಷ್ಟೋ ಜನ ಹೋಗಿಬಿಟ್ಟರು. ನಮ್ಮಜ್ಜಿಯೂ ಅಲ್ಲೇ ಹೋದರು. ಅಪ್ಪ ಸಿಕ್ಕಿಂನಲ್ಲಿ ರಸ್ತೆ ಕೆಲಸಕ್ಕೆ ಜಲ್ಲಿ ಒಡೆದರು.

ಮೈಸೂರು ಸರ್ಕಾರ ಬೈಲಕುಪ್ಪೆ ಹತ್ತಿರ ಸುಮಾರು 3,000 ಎಕರೆ ಕೊಟ್ಟಿತು. ಜಮೀನು ಅಂದರೆ ಕಾಡು. ಮರ ಕಡಿದು, ಬೊಡ್ಡೆ ಸುಟ್ಟು, ಜೋಳ ಹಾಕಿದರೆ ರಾತ್ರಿ ಆನೆ ಬರುತ್ತಿತ್ತು. ಅಟ್ಟಣೆ ಮೇಲೆ ಅಪ್ಪ ಪಂಜು ಹಿಡಿದು ಕೂರೋರು, ನಾನು ಎಣ್ಣೆ ಡಬ್ಬ ಬಡಿಯೋನು. ನೇಗಿಲು ಹಿಡಿಯೋದನ್ನು ಕಲಿಸಿದವರು ಪಕ್ಕದ ಹಳ್ಳಿಯ ಗೌಡರೊಬ್ಬರು. ನನ್ನ ಕನ್ನಡಕ್ಕೂ ಅವರೇ ಮೇಷ್ಟ್ರು, ಬೈಗುಳ ಸೇರಿ.

ಅಮ್ಮ ಮಾತ್ರ ಮನೆ ಹಿಂದೆ ತೆಂಗಿನ ಸಸಿ ಇಡಲು ಬಿಡಲೇ ಇಲ್ಲ. "ಮುಂದಿನ ವರ್ಷ ಊರಿಗೆ ಹೋಗೋರಿಗೆ ಯಾಕದು?" ಅಂತ. ಅವರು ತೀರಿಕೊಳ್ಳೋವರೆಗೂ ಅದೇ ಮಾತು. ಜೋಳ ಆದರೆ ಪರವಾಗಿಲ್ಲ, ಕೊಯ್ದು ಹೊರಡಬಹುದು!

ಈಗ ಮಕ್ಕಳ ವಿಷಯಕ್ಕೆ ಬರ್ತೀನಿ. ಮಗ ಹುಟ್ಟಿದ್ದು 1984ರಲ್ಲಿ, ಮಗಳು 1989ರಲ್ಲಿ. ಒಂದೇ ಆಸ್ಪತ್ರೆ, ಒಂದೇ ಶಾಲೆ, ಮನೆಯಲ್ಲಿ ಒಂದೇ ಬೆಣ್ಣೆ ಚಹಾ. ಆದರೆ ಭಾರತದ ಕಾನೂನಿನಲ್ಲಿ 1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು. ಆಮೇಲೆ ಹುಟ್ಟಿದವರಿಗೆ ಅಪ್ಪ ಅಥವಾ ಅಮ್ಮ ಭಾರತೀಯರಾಗಿರಬೇಕು. ನಾವಿಬ್ಬರೂ ಅಲ್ಲ. ಟಿಬೆಟಿಯನ್ನರಿಗೂ ಇದು ಅನ್ವಯಿಸುತ್ತದೆ ಅಂತ ದೆಹಲಿ ಹೈಕೋರ್ಟ್ 2010ರಲ್ಲಿ ಹೇಳಿತು, 2013ರಲ್ಲಿ ಕರ್ನಾಟಕ ಹೈಕೋರ್ಟೂ ಹೇಳಿತು. ಅಲ್ಲಿಗೆ ಮಗ ಭಾರತೀಯ, ನೀಲಿ ಪಾಸ್‌ಪೋರ್ಟ್. ಮಗಳು ವಿದೇಶಿ. ಅವಳ ಹತ್ತಿರ ಇರುವುದು ಪೊಲೀಸರಲ್ಲಿ ರಿನ್ಯೂ ಮಾಡಿಸಬೇಕಾದ ಆರ್‌ಸಿ, ಅಂದರೆ ವಿದೇಶಿಯರ ನೋಂದಣಿ ಪತ್ರ; ಹೊರದೇಶಕ್ಕೆ ಹೋಗಬೇಕಾದರೆ ಪಾಸ್‌ಪೋರ್ಟ್ ಬದಲು ಹಳದಿ ಪುಸ್ತಕ. ಮೈಸೂರಿನಲ್ಲಿ ನರ್ಸ್ ಆಗಿರುವ, ನನಗಿಂತ ಚೆನ್ನಾಗಿ ಕನ್ನಡ ಮಾತಾಡುವ ಹುಡುಗಿ ವಿದೇಶಿ! ಮೊದಮೊದಲು ಇಬ್ಬರೂ ಇದನ್ನೇ ಇಟ್ಟುಕೊಂಡು ತಮಾಷೆ ಮಾಡುತ್ತಿದ್ದರು. ಈಗೀಗ ಅವಳು ನಗೋದು ಕಮ್ಮಿ.

ಎಲ್ಲರೂ ಪೌರತ್ವ ತಗೊಂಡ್ರೆ ನಾಳೆ ಟಿಬೆಟ್ ಬೇಕು ಅನ್ನೋರು ಯಾರು ಅಂತ ನಮ್ಮ ಹಿರಿಯರು ಕೇಳ್ತಾರೆ. ಕೇಳಬೇಕಾದ ಮಾತೇ. ಆದರೂ ಮಕ್ಕಳು ತಗೊಳ್ಳಲಿ ಅನ್ನೋನು ನಾನು. ಪಾಸ್‌ಪೋರ್ಟ್ ಬಂತು ಅಂತ ಮಗ ನಮ್ಮ ಹೊಸ ವರ್ಷದ ಲೋಸರ್ ಹಬ್ಬ ಬಿಟ್ಟಿಲ್ಲ, 1959ರ ದಂಗೆಯ ನೆನಪಿಗೆ ನಡೆಯೋ ಮಾರ್ಚ್ 10ರ ಮೆರವಣಿಗೆಯನ್ನೂ ಬಿಟ್ಟಿಲ್ಲ. ನಾನು ಮಾತ್ರ ಅರ್ಜಿ ಹಾಕಲ್ಲ. ಕಾರಣ ಕೇಳಿದರೆ ಹೇಳೋಕೆ ಬರಲ್ಲ, ಅಮ್ಮನ ಹಠ ನನಗೂ ಅಂಟಿರಬೇಕು.

ಮೊನ್ನೆ ಇದನ್ನೇ ಅಂದಾಗ ಮಗಳು ಸಿಟ್ಟಾದಳು. "ಪಾಲಾ (ಅಪ್ಪಾ), ಹಠ ಮಾಡೋಕೆ ನಿಮಗೆ ಟಿಬೆಟ್ ಇದೆ. ನಾನು ಅದನ್ನ ನೋಡೇ ಇಲ್ಲ. ನನಗಿರೋದು ಬೈಲಕುಪ್ಪೆ, ಅದೂ ಪೇಪರ್‌ನಲ್ಲಿ ಇಲ್ಲ."

ಸುಮ್ಮನಾದೆ. ಗೊತ್ತಿರುವ ಲಾಯರ್ ಒಬ್ಬರು ಮೈಸೂರಿನಲ್ಲಿದ್ದಾರೆ, ಅವಳಿಗೆ ಬೇರೆ ದಾರಿ ಏನಾದರೂ ಇದೆಯಾ ಅಂತ ಸೋಮವಾರ ಹೋಗಿ ಕೇಳಬೇಕು.